ಆಬ್‌ಗೆಓರ್ಡ್ನೆಟೆ: ಡೇರ್ ಹಾಕ್ಬೇಕಾ, ಡೀ ಹಾಕ್ಬೇಕಾ? ಕೊನೇಲಿ ಆ ‘ರ್’ ಎಲ್ಲಿಂದ ಬರತ್ತೆ?

ನೆಕ್ಕರ್ ದಂಡೆ
ಎಲ್ಲರಿಗೂ ನಮಸ್ಕಾರ. ಜರ್ಮನಿಯ ಹೈಲ್‌ಬ್ರೋನ್‌ನಲ್ಲಿದ್ದೀನಿ. ಜರ್ಮನ್ ಭಾಷೆಯ ಬಿ1 ಮಟ್ಟ ಮುಗೀತು, ಈಗ ಪೌರತ್ವದ ಪರೀಕ್ಷೆಗೆ ಓದ್ತಾ ಇದ್ದೀನಿ. 300 ಸಾಮಾನ್ಯ ಪ್ರಶ್ನೆ, ನಮ್ಮ ರಾಜ್ಯಕ್ಕೆ ಸೇರಿದ್ದು 10. ಅದರಲ್ಲಿ 33 ಕೇಳ್ತಾರೆ, 17 ಸರಿಯಾದ್ರೆ ಪಾಸು. ವಿಷಯ ಕಷ್ಟ ಇಲ್ಲ, ‘ಜನಪ್ರತಿನಿಧಿ’ ಅನ್ನೋ ಅರ್ಥದ ಒಂದೇ ಒಂದು ಪದ ಮಾತ್ರ ತಲೆ ತಿಂತಾ ಇದೆ: ಆಬ್‌ಗೆಓರ್ಡ್ನೆಟೆ.

‘ಡೇರ್’, ‘ಡೀ’ ಅನ್ನೋವು ಲಿಂಗ ತೋರಿಸೋ ಪದಗಳು, ‘ಐನ್’ ಅಂದ್ರೆ ‘ಒಬ್ಬ’. ಒಂದು ಕಡೆ ‘ಡೇರ್ ಆಬ್‌ಗೆಓರ್ಡ್ನೆಟೆ’, ಇನ್ನೊಂದು ಕಡೆ ‘ಐನ್ ಆಬ್‌ಗೆಓರ್ಡ್ನೆಟೆರ್’, ಮತ್ತೊಂದು ಕಡೆ ‘ಡೀ ಆಬ್‌ಗೆಓರ್ಡ್ನೆಟೆನ್’. ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಪದಕ್ಕೂ ಮೂರು ಕಾಲಂ ಇವೆ: ಪದ, ಲಿಂಗ, ಬಹುವಚನ. ಈ ಒಂದು ಸಾಲನ್ನ ನಾಲ್ಕು ಸಲ ಹೊಡೆದು ಹಾಕಿ ಬರೆದಿದ್ದೀನಿ, ಕಾಗದ ತೂತು ಬಿದ್ದಿದೆ.

ಇದರ ಜೊತೆ ಇನ್ನೊಂದು. ಅಮ್ಮನ ವೀಸಾ ವಿಷಯಕ್ಕೆ ನಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಒಂದು ಪತ್ರ ಬರೀಬೇಕು. ‘ಜೇರ್ ಗೆಏರ್ಟೆರ್ ಹೆರ್ ಆಬ್‌ಗೆಓರ್ಡ್ನೆಟೆ’ (ಮಾನ್ಯ ಶ್ರೀ ಜನಪ್ರತಿನಿಧಿಗಳೇ) ಅಂತ ಶುರು ಮಾಡಿದ್ದೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ಓದಿ, ಪೆನ್ಸಿಲಲ್ಲಿ ಕೊನೆಗೆ ಒಂದು ‘ರ್’ ಸೇರಿಸಿದ್ರು. ಯಾಕೆ ಅಂದ್ರೆ ‘ಹಾಗೇ ಹೇಳೋದು’ ಅಂದ್ರು. ಅವರ ಮಾತೃಭಾಷೆ ಜರ್ಮನ್, ಅವರಿಗೆ ಕಾರಣ ಬೇಕಿಲ್ಲ. ನನಗೆ ಬೇಕು.

ಅರ್ಥದಲ್ಲೂ ಗೊಂದಲ. ಇದು ಸಂಸದರಾ, ಶಾಸಕರಾ?

ಮಂಡಕ್ಕಿ
ನಾನೂ ಇದೇ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಉತ್ತರ ಬಂದ್ರೆ ನನಗೂ ಬೇಕು.

ಹಳೇ ಮೈಸೂರು
ಸಂಸದರೇ. ಬುಂಡೆಸ್ಟಾಗ್ ಅಂದ್ರೆ ನಮ್ಮ ಲೋಕಸಭೆ ಥರ, ಅಲ್ಲಿ ಕೂರೋರು ಸಂಸದರು. ಲಿಂಗ ಗಂಡಸಾದ್ರೆ ಡೇರ್, ಹೆಂಗಸಾದ್ರೆ ಡೀ. ಇಷ್ಟೇ. ಬಾಯಿಪಾಠ ಮಾಡಿ.

ಬರ್ಲಿನ್ ಬಸವ
ಇಷ್ಟೇ ಅಲ್ಲ ಸರ್. ಬರ್ಲಿನ್‌ನಲ್ಲಿ ರಾಜ್ಯದ ವಿಧಾನಸಭೆಯ ಹೆಸರೇ ಆಬ್‌ಗೆಓರ್ಡ್ನೆಟೆನ್‌ಹೌಸ್. ಅಲ್ಲಿರೋರೂ ಆಬ್‌ಗೆಓರ್ಡ್ನೆಟೆನೇ, ಅವರು ನಮ್ಮ ಲೆಕ್ಕದಲ್ಲಿ ಶಾಸಕರು. ಯುರೋಪಿಯನ್ ಪಾರ್ಲಿಮೆಂಟಿಗೆ ಹೋದವರಿಗೂ ಇದೇ ಪದ. ನಾವು ಸಂಸದ, ಶಾಸಕ ಅಂತ ಬೇರೆ ಬೇರೆ ಪದ ಇಟ್ಟಿದ್ದೀವಿ. ಇವರದ್ದು ಒಂದೇ ಪದ, ಮುಂದೆ ಸಭೆಯ ಹೆಸರು ಅಂಟಿಸ್ತಾರೆ: ಬುಂಡೆಸ್ಟಾಗ್ಸ್‌ಆಬ್‌ಗೆಓರ್ಡ್ನೆಟೆ, ಲಾಂಟ್‌ಟಾಗ್ಸ್‌ಆಬ್‌ಗೆಓರ್ಡ್ನೆಟೆ, ಒಯ್ರೋಪಾಆಬ್‌ಗೆಓರ್ಡ್ನೆಟೆ.

ಹಳೇ ಮೈಸೂರು
ಸರಿ, ಅದು ಒಪ್ಪಿದೆ. ಆದ್ರೂ ಬಾಯಿಪಾಠವೇ ಗತಿ.

ವ್ಯಾಕರಣದ ಹುಚ್ಚು
ದಯವಿಟ್ಟು ಬಾಯಿಪಾಠ ಮಾಡಬೇಡಿ. ಹನ್ನೊಂದು ವರ್ಷದಿಂದ ಕನ್ನಡದ ಮಕ್ಕಳಿಗೆ ಜರ್ಮನ್ ಹೇಳಿಕೊಡ್ತಿದ್ದೀನಿ. ಈ ಪದ ಎಲ್ಲರನ್ನೂ ಒಂದೇ ಜಾಗದಲ್ಲಿ ಎಡವಿಸತ್ತೆ, ಯಾಕಂದ್ರೆ ಇದನ್ನ ನಾಮಪದ ಅಂತ ನೋಟ್‌ಬುಕ್ಕಿಗೆ ಹಾಕಿಕೊಳ್ತಾರೆ. ಇದು ಹುಟ್ಟಿನಲ್ಲಿ ನಾಮಪದವೇ ಅಲ್ಲ.

‘ಆಬ್‌ಓರ್ಡ್ನೆನ್’ ಅಂತ ಒಂದು ಕ್ರಿಯಾಪದ ಇದೆ: ಯಾರನ್ನಾದರೂ ಒಂದು ಕೆಲಸಕ್ಕೆ ನೇಮಿಸಿ ಕಳಿಸೋದು. ಅದರ ಕೃದಂತ ‘ಆಬ್‌ಗೆಓರ್ಡ್ನೆಟ್’, ಕಳಿಸಿದ. ಅದಕ್ಕೆ ಬಾಲ ಸೇರಿಸಿದ್ರೆ ‘ಕಳಿಸಿದವನು’ (ಕಳಿಸಿದಾತ ಅಲ್ಲ, ಯಾರನ್ನ ಕಳಿಸಿದ್ರೋ ಅವನು). ಕನ್ನಡದಲ್ಲಿ ನಾವು ಇದನ್ನ ದಿನಕ್ಕೆ ನೂರು ಸಲ ಮಾಡ್ತೀವಿ: ಓದಿದ + ಅವನು ಓದಿದವನು, ಓದಿದವಳು, ಓದಿದವರು. ಬಂದವನು, ಸೋತವಳು, ಗೆದ್ದವರು. ‘ಗೆದ್ದವ’ ಅನ್ನೋದು ಯಾವ ಲಿಂಗ ಅಂತ ಯಾರೂ ನಿಘಂಟು ತೆಗೆದು ನೋಡಲ್ಲ. ಗೆದ್ದದ್ದು ಯಾರು ಅನ್ನೋದರ ಮೇಲೆ ಬಾಲ ಬದಲಾಗತ್ತೆ. ಆಬ್‌ಗೆಓರ್ಡ್ನೆಟೆ ಕೂಡ ಹಾಗೇ. ಅದಕ್ಕೆ ಸ್ವಂತ ಲಿಂಗ ಇಲ್ಲ, ಕಳಿಸಿದ ವ್ಯಕ್ತಿಗೆ ಇದೆ.

ನಿಮ್ಮ ಮೂರು ಕಾಲಂನಿಂದ ಆ ಸಾಲು ತೆಗೆದು, ಗುಣವಾಚಕಗಳ ಪುಟಕ್ಕೆ ಹಾಕಿ. ಕಾಗದ ತೂತಾಗಲ್ಲ.

ನೆಕ್ಕರ್ ದಂಡೆ
ಅಯ್ಯೋ ಸರ್, ‘ಕಳಿಸಿದವನು’ ಅನ್ನೋದು ಎರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಆದ್ರೆ ಆ ‘ರ್’?

ವ್ಯಾಕರಣದ ಹುಚ್ಚು
ಅದಕ್ಕೇ ಬರ್ತೀನಿ. ಜರ್ಮನ್‌ನಲ್ಲಿ ‘ಗಂಡು, ಏಕವಚನ, ಪ್ರಥಮಾ’ ಅನ್ನೋ ಗುರುತು ‘ರ್’. ಆ ಗುರುತು ಎಲ್ಲಾದರೂ ಒಂದು ಕಡೆ ಕಾಣಲೇಬೇಕು. ‘ಡೇರ್’ನಲ್ಲೇ ‘ರ್’ ಇದೆ, ಹಾಗಾಗಿ ಪದದ ಬಾಲಕ್ಕೆ ಬೇಕಿಲ್ಲ: ಡೇರ್ ಆಬ್‌ಗೆಓರ್ಡ್ನೆಟೆ. ‘ಐನ್’ನಲ್ಲಿ ‘ರ್’ ಇಲ್ಲ, ಆಗ ಬಾಲವೇ ಹೊರಬೇಕು: ಐನ್ ಆಬ್‌ಗೆಓರ್ಡ್ನೆಟೆರ್. ‘ಹೆರ್’ ಅಂದ ಮೇಲೆ ಮಧ್ಯೆ ಡೇರ್ ಬರಲ್ಲ, ಅದಕ್ಕೆ ‘ಹೆರ್ ಆಬ್‌ಗೆಓರ್ಡ್ನೆಟೆರ್’. ನಿಮ್ಮ ಪಕ್ಕದ ಮೇಜಿನವರು ಸೇರಿಸಿದ ‘ರ್’ ಇದೇ. ಮಹಿಳೆಯಾದ್ರೆ ‘ಫ್ರೌ ಆಬ್‌ಗೆಓರ್ಡ್ನೆಟೆ’, ತಲೆನೋವೇ ಇಲ್ಲ.

ಗುಟರ್ ಮಾನ್, ಡೇರ್ ಗುಟೆ ಮಾನ್ (ಒಳ್ಳೆಯ ಮನುಷ್ಯ) ಅಂತ ಮೊದಲ ವರ್ಷದಲ್ಲೇ ಕಲಿತಿದ್ದೀರಿ. ಅದೇ ಇದು, ‘ಮಾನ್’ ಬಿಟ್ಟುಹೋಗಿದೆ ಅಷ್ಟೆ.

ಮಂಡಕ್ಕಿ
ರ್ ಎಲ್ಲಾದರೂ ಒಂದು ಕಡೆ ಕಾಣಬೇಕು. ಬರೆದು ಗೋಡೆಗೆ ಅಂಟಿಸಿದೆ.

ಹಳೇ ಮೈಸೂರು
ಹೋಲಿಕೆ ಚೆನ್ನಾಗಿದೆ, ಆದ್ರೆ ಪೂರ್ತಿ ಒಪ್ಪಲ್ಲ. ಕನ್ನಡದಲ್ಲಿ ‘ಗೆದ್ದವನು’ ಅಂದ್ರೆ ಅದರಲ್ಲೇ ಎಲ್ಲಾ ಇದೆ, ಮುಂದೆ ಏನು ಬಂದ್ರೂ ಬದಲಾಗಲ್ಲ. ‘ಆ ಗೆದ್ದವನು’, ‘ಒಬ್ಬ ಗೆದ್ದವನು’, ಎರಡೂ ಒಂದೇ. ಜರ್ಮನ್‌ನಲ್ಲಿ ಮುಂದಿನ ಪದ ನೋಡಿ ಹಿಂದಿನ ಬಾಲ ಬದಲಾಗತ್ತೆ. ಕನ್ನಡ ನಂಬಿಕೊಂಡು ಹೋದ್ರೆ ಅಲ್ಲೇ ಬೀಳ್ತಾರೆ.

ವ್ಯಾಕರಣದ ಹುಚ್ಚು
ನೀವು ಹೇಳಿದ್ದು ಸರಿ. ಪದ ಹುಟ್ಟೋ ರೀತಿ ಒಂದೇ, ಬಾಲ ಆಡೋ ರೀತಿ ಬೇರೆ. ನಾನು ಅದನ್ನ ಮೊದಲೇ ಹೇಳಬೇಕಿತ್ತು.

ಸಪ್ತಾಪುರದಾಂವ
ನೋಡ್ರಿ, ನಮ್ಮ ಕಡೆ ‘ಆರಿಸಿ ಬಂದಾಂವ’ ಅಂತೀವಿ. ‘ನಮ್ಮ ಓಣ್ಯಾಗಿಂದ ಆರಿಸಿ ಬಂದಾಂವ ಎಲ್ಲಿ ಅದಾನು?’ ಅಂತ ಕೇಳ್ತಾರ. ಅದು ಪಕ್ಕಾ ಈ ಜರ್ಮನ್ ಪದಾನ ಆತಲ್ರಿ. ಆರಿಸಿ ಬಂದಾಂವ, ಆರಿಸಿ ಬಂದಾಕಿ, ಆರಿಸಿ ಬಂದವ್ರು.

ವ್ಯಾಕರಣದ ಹುಚ್ಚು
ನನ್ನ ಉದಾಹರಣೆಗಿಂತ ಇದು ಎಷ್ಟೋ ಚಂದ ಇದೆ. ಮುಂದಿನ ವಾರದಿಂದ ಕ್ಲಾಸಲ್ಲಿ ಇದನ್ನೇ ಹೇಳ್ತೀನಿ.

ರಾತ್ರಿ ಪಾಳಿ
ಲೈಪ್‌ಜಿಗ್‌ನಲ್ಲಿ ನರ್ಸ್. ನನ್ನ ಸಮಸ್ಯೆ ಕಿವಿಯದು. ವಾರ್ಡ್‌ನಲ್ಲಿ ರೇಡಿಯೋ ಸುದ್ದಿ ಓಡ್ತಾ ಇರತ್ತೆ. ಆಬ್‌ಗೆಓರ್ಡ್ನೆಟೆ, ಆಬ್‌ಗೆಓರ್ಡ್ನೆಟೆರ್ ಎರಡೂ ನನಗೆ ಒಂದೇ ಥರ ಕೇಳಿಸತ್ತೆ. ಕೊನೆಯ ‘ರ್’ ಯಾರೂ ಉಚ್ಚರಿಸೋದೇ ಇಲ್ಲ!

ವ್ಯಾಕರಣದ ಹುಚ್ಚು
ಉಚ್ಚರಿಸಲ್ಲ, ನಿಜ. ಕೊನೆಯ ‘ಎರ್’ ಬಾಯಲ್ಲಿ ಹೆಚ್ಚುಕಡಿಮೆ ‘ಅ’ ಆಗತ್ತೆ, ಬಾಯಿ ಸ್ವಲ್ಪ ತೆರೆಯತ್ತೆ. ಬರೀ ‘ಎ’ ಇದ್ರೆ ಬಾಯಿ ಮುಚ್ಚಿಕೊಂಡ ಹಾಗೆ ಮೆತ್ತಗೆ ನಿಲ್ಲತ್ತೆ. ‘ಬಿಟ್ಟೆ’ (ದಯವಿಟ್ಟು), ‘ಬಿಟ್ಟರ್’ (ಕಹಿ) ಎರಡನ್ನೂ ಒಂದಾದ ಮೇಲೊಂದು ಹತ್ತು ಸಲ ಹೇಳಿಸಿ ಕೇಳಿ. ಇನ್ನೆರಡು ವಿಷಯ: ಮೊದಲ ‘ಬ್’ ಬರೆಯೋದು ಹಾಗೆ, ಹೇಳೋದು ‘ಪ್’. ಆಮೇಲೆ ‘ಗೆ’ ಮತ್ತು ‘ಓ’ ಮಧ್ಯೆ ಗಂಟಲಲ್ಲಿ ಒಂದು ಚಿಕ್ಕ ತಡೆ ಇದೆ. ‘ಗೆಯೋರ್ಡ್’ ಅಂತ ನಮ್ಮ ಯಕಾರ ಹಾಕಿ ಸಂಧಿ ಮಾಡಬೇಡಿ, ಅವರಿಗೆ ಅರ್ಥವಾಗಲ್ಲ. ಆಪ್. ಗೆ. ಓರ್ಡ್. ನೆ. ಟೆ.

ರಾತ್ರಿ ಪಾಳಿ
ಯಕಾರ! ನಾನು ಇಷ್ಟು ದಿನ ಅದನ್ನೇ ಹಾಕ್ತಿದ್ದೆ.

ಕುಡ್ಲದ ಕುವರಿ
ಜೂರಿಕ್‌ನಿಂದ ಬರೆಯುವುದು. ಇಲ್ಲಿ ಆ ಪದವನ್ನು ಕೇಳುವುದೇ ಕಡಿಮೆ ಮಾರಾಯ್ರೆ. ಸ್ವಿಸ್ ಕೆಳಮನೆಯ ಹೆಸರು ನಾಟ್ಸಿಯೋನಾಲ್‌ರಾಟ್, 200 ಸ್ಥಾನ. ಅದರ ಸದಸ್ಯನನ್ನೂ ಡೇರ್ ನಾಟ್ಸಿಯೋನಾಲ್‌ರಾಟ್ ಅಂತಲೇ ಕರೆಯುವುದು, ಮಹಿಳೆಯಾದರೆ ಡೀ ನಾಟ್ಸಿಯೋನಾಲ್‌ರೇಟಿನ್. ಸಭೆಗೂ ಆಳಿಗೂ ಒಂದೇ ಹೆಸರು. ಇನ್ನೊಂದು ಉಂಟು: ಜರ್ಮನಿಯಲ್ಲಿ ಬುಂಡೆಸ್‌ರಾಟ್ ಅಂದರೆ ರಾಜ್ಯ ಸರ್ಕಾರಗಳ ಸಭೆ. ಇಲ್ಲಿ ಬುಂಡೆಸ್‌ರಾಟ್ ಅಂದರೆ ಏಳು ಜನರ ಸರ್ಕಾರವೇ. ಅಲ್ಲಿಂದ ಇಲ್ಲಿಗೆ ಬಂದವರಿಗೆ ಮೊದಲ ವಾರ ಪೇಪರ್ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ.

ವಿಯೆನ್ನಾ ಟ್ರಾಮ್
ಆಸ್ಟ್ರಿಯಾದಲ್ಲೂ ಕೆಳಮನೆ ನಾಟ್ಸಿಯೋನಾಲ್‌ರಾಟ್‌ನೇ, 183 ಸ್ಥಾನ. ಆದ್ರೆ ಇಲ್ಲಿ ಸದಸ್ಯರು ‘ಆಬ್‌ಗೆಓರ್ಡ್ನೆಟೆರ್ ತ್ಸುಮ್ ನಾಟ್ಸಿಯೋನಾಲ್‌ರಾಟ್’. ‘ತ್ಸುಮ್’ ನೋಡಿ, ‘ಅಲ್ಲಿಗೆ’. ಅಲ್ಲಿಗೆ ಕಳಿಸಿದವರು ಅನ್ನೋ ಹಳೇ ಅರ್ಥ ಆ ಒಂದು ಚಿಕ್ಕ ಪದದಲ್ಲಿ ಇನ್ನೂ ಉಳಿದಿದೆ.

ಹಳೇ ಮೈಸೂರು
ಇನ್ನೊಂದು ಕೇಳ್ತೀನಿ. ಹೆಂಗಸರಿಗೆ ‘ಆಬ್‌ಗೆಓರ್ಡ್ನೆಟಿನ್’ ಅಂತ ಯಾಕೆ ಇಲ್ಲ? ಕಾನ್ಸ್ಲರ್‌ಗೆ ಕಾನ್ಸ್ಲರಿನ್ ಇದೆ, ಮಿನಿಸ್ಟರ್‌ಗೆ ಮಿನಿಸ್ಟರಿನ್ ಇದೆ.

ಬರ್ಲಿನ್ ಬಸವ
ಅದೇ ಉತ್ತರ ಸರ್, ಕೃದಂತ. ‘ಗೆದ್ದವಳು’ ಅಂದ ಮೇಲೆ ಮತ್ತೆ ‘ಗೆದ್ದವಳಿ’ ಅಂತೀವಾ? ‘ಡೀ’ ಹಾಕಿದ ಕೂಡಲೇ ಹೆಣ್ಣು ಅಂತ ಆಯ್ತು.

ಹಳೇ ಮೈಸೂರು
ಹಾಗಾದ್ರೆ ಬೆಆಮ್ಟೆ? ಸರ್ಕಾರಿ ನೌಕರ ಡೇರ್ ಬೆಆಮ್ಟೆ, ಐನ್ ಬೆಆಮ್ಟೆರ್. ಪಕ್ಕಾ ನಿಮ್ಮದೇ ನಿಯಮ. ಆದ್ರೆ ಮಹಿಳೆ ಡೀ ಬೆಆಮ್ಟಿನ್! ನನ್ನ ಮಗಳ ಪುಸ್ತಕದಲ್ಲೇ ಇದೆ.

ವ್ಯಾಕರಣದ ಹುಚ್ಚು
ಹಿಡಿದ್ರಿ. ಬೆಆಮ್ಟೆ ಈ ಗುಂಪಿನಿಂದ ಅರ್ಧ ಹೊರಗೆ ಬಂದ ಪದ. ಗಂಡಿನಲ್ಲಿ ಗುಣವಾಚಕದ ಬಾಲ, ಹೆಣ್ಣಿನಲ್ಲಿ ‘ಇನ್’. ಅದನ್ನ ಒಂಟಿಯಾಗಿ ನೆನಪಿಟ್ಟುಕೊಳ್ಳಬೇಕು. ಉಳಿದವು ಶಿಸ್ತಾಗಿವೆ: ಫೋರ್‌ಜಿಟ್ಸೆಂಡೆ (ಅಧ್ಯಕ್ಷ), ಡೆಲೆಗೀರ್ಟೆ (ಪ್ರತಿನಿಧಿ), ಆಂಗೆಶ್ಟೆಲ್ಟೆ (ಸಂಬಳದ ನೌಕರ), ಫೆರ್‌ವಾಂಟೆ (ನೆಂಟ). ‘ಡೊಯ್ಚೆ’ ಕೂಡ ಹಾಗೇ, ಐನ್ ಡೊಯ್ಚರ್, ಐನೆ ಡೊಯ್ಚೆ. ಪೌರತ್ವ ಸಿಕ್ಕ ಮೇಲೆ ನಿಮಗೇ ಬೇಕಾಗೋ ಪದ ಅದು.

ಒಂದು ಎಚ್ಚರಿಕೆ: ಪ್ರೆಸಿಡೆಂಟ್, ಪ್ರೆಸಿಡೆಂಟೆನ್ ಅಂತ ‘ಎನ್’ ಸೇರೋ ಇನ್ನೊಂದು ಗುಂಪು ಇದೆ. ನೋಡೋಕೆ ಒಂದೇ ಥರ, ಆದ್ರೆ ಅದು ಅಪ್ಪಟ ನಾಮಪದ, ‘ಐನ್ ಪ್ರೆಸಿಡೆಂಟ್’ಗೆ ‘ಎರ್’ ಬಾಲ ಬರಲ್ಲ. ಎರಡನ್ನೂ ಕಲಸಬೇಡಿ.

ಬರ್ಲಿನ್ ಬಸವ
ಮಹಿಳೆಯರ ಮಾತು ಬಂತು ಅಂತ ಹೇಳ್ತೀನಿ. ‘ಡೀ ಆಬ್‌ಗೆಓರ್ಡ್ನೆಟೆ’ ಅನ್ನೋ ಏಕವಚನಕ್ಕೆ ಜರ್ಮನಿಯ ಪಾರ್ಲಿಮೆಂಟಿನಲ್ಲಿ ಕೆಲಸ ಸಿಕ್ಕಿದ್ದೇ 1919ರಲ್ಲಿ. ಹೆಣ್ಣುಮಕ್ಕಳಿಗೆ ಮತದ ಹಕ್ಕು ಬಂದದ್ದು 1918ರ ನವೆಂಬರ್‌ನಲ್ಲಿ. ಮರುವರ್ಷ ಜನವರಿಯ ಚುನಾವಣೆಯಲ್ಲಿ 37 ಜನ ಮಹಿಳೆಯರು ಗೆದ್ದು ವೈಮಾರ್‌ನ ರಾಷ್ಟ್ರೀಯ ಸಭೆಗೆ ಹೋದ್ರು. ಫೆಬ್ರವರಿ 19ಕ್ಕೆ ಮಾರೀ ಯುಖಾಟ್ಸ್ ಎದ್ದು ನಿಂತು ‘ಮೈನೆ ಹೆರ್ರೆನ್ ಉಂಟ್ ಡಾಮೆನ್’ (ಮಹನೀಯರೇ, ಮಹಿಳೆಯರೇ) ಅಂತ ಶುರು ಮಾಡಿದಾಗ ಸಭೆ ನಕ್ಕಿತು. ‘ಮಹಿಳೆಯರೇ’ ಅನ್ನೋ ಸಂಬೋಧನೆಯನ್ನ ಆ ಕೋಣೆ ಅದುವರೆಗೆ ಕೇಳಿರಲಿಲ್ಲ. ಆ ನಗು ಅಧಿಕೃತ ವರದಿಯಲ್ಲೇ ದಾಖಲಾಗಿದೆ. ಇದನ್ನ ಮೊದಲ ಸಲ ಓದಿದಾಗ ನನಗೆ ಬೇಜಾರಾಯ್ತು. ಆಮೇಲೆ ಅವರ ಭಾಷಣ ಪೂರ್ತಿ ಓದಿದೆ. ಹಕ್ಕು ಕೊಟ್ಟಿದ್ದಕ್ಕೆ ನಾವು ಸರ್ಕಾರಕ್ಕೆ ಋಣಿಗಳಲ್ಲ, ನಮಗೆ ಸಲ್ಲಬೇಕಾಗಿದ್ದು ಸಂದಿದೆ ಅನ್ನೋ ಧಾಟಿಯಲ್ಲಿ ಮಾತಾಡಿದಾರೆ.

ರಾತ್ರಿ ಪಾಳಿ
ಆವೋ ಅನ್ನೋ ಸಮಾಜಸೇವಾ ಸಂಸ್ಥೆ ಕಟ್ಟಿದವರು ಅವರೇ ಅಲ್ವಾ? ನಮ್ಮ ಬೀದಿಯ ವೃದ್ಧಾಶ್ರಮದ ಬೋರ್ಡ್ ಮೇಲೆ ಆ ಹೆಸರಿದೆ.

ಬರ್ಲಿನ್ ಬಸವ
ಹೌದು, ಅದೇ ವರ್ಷ ಡಿಸೆಂಬರ್‌ನಲ್ಲಿ.

ಕುಡ್ಲದ ಕುವರಿ
ಈಗ ಬಹುವಚನದಲ್ಲಿ ಈ ಪದಕ್ಕೆ ದೊಡ್ಡ ಅನುಕೂಲ ಉಂಟು. ಗಂಡು ಹೆಣ್ಣು ಎರಡನ್ನೂ ಸೇರಿಸಿ ಹೇಳ್ಲಿಕ್ಕೆ ಹೆಣ್ಣಿನ ಬಹುವಚನದ ಬಾಲ ‘ಇನ್ನೆನ್’ ಬೇಡ, ಪದದ ಮಧ್ಯೆ ನಕ್ಷತ್ರ ಚಿಹ್ನೆ ಬೇಡ. ‘ಡೀ ಆಬ್‌ಗೆಓರ್ಡ್ನೆಟೆನ್’ ಅಂದರೆ ಎಲ್ಲರೂ ಬಂದರು. ನಮ್ಮ ‘ಗೆದ್ದವರು’ ಹಾಗೆಯೇ. ವಿಶ್ವವಿದ್ಯಾಲಯಗಳಲ್ಲಿ ‘ಶ್ಟುಡೆಂಟೆನ್’ (ವಿದ್ಯಾರ್ಥಿಗಳು) ಬಿಟ್ಟು ‘ಶ್ಟುಡೀರೆಂಡೆ’ (ಓದುತ್ತಿರುವವರು) ಅನ್ನುವುದೂ ಇದೇ ಕಾರಣಕ್ಕೆ.

ಸಪ್ತಾಪುರದಾಂವ
ಹೌದ್ರಿ, ಆದ್ರ ಆ ‘ಶ್ಟುಡೀರೆಂಡೆ’ ಬಗ್ಗೆ ನಮ್ಮ ಮನಿ ಮಾಲಕರು ದಿನಾ ಜಗಳಾಡ್ತಾರ. ಹಳೇ ಪದಕ್ಕ ಏನಾಗಿತ್ತು ಅಂತಾರ.

ವಿಯೆನ್ನಾ ಟ್ರಾಮ್
ಆ ಜಗಳ ಇಲ್ಲಿ ಶುರುವಾದ್ರೆ ಈ ಚರ್ಚೆ ನಾಳೆಗೂ ಮುಗಿಯಲ್ಲ, ಪದಕ್ಕೇ ಬರೋಣ. ಲಿಂಗದ ಬಗ್ಗೆ ಇನ್ನೂ ಒಂದು: ಪತ್ರಿಕೆಗಳಲ್ಲಿ ‘ಎಂ.ಡಿ.ಬಿ.’ ಅಂತ ಬರತ್ತಲ್ಲ, ಅದು ‘ಮಿಟ್‌ಗ್ಲೀಟ್ ಡೆಸ್ ಬುಂಡೆಸ್ಟಾಗೆಸ್’, ಬುಂಡೆಸ್ಟಾಗ್ ಸದಸ್ಯ. ಮಿಟ್‌ಗ್ಲೀಟ್ ಯಾವತ್ತೂ ಡಾಸ್, ನಪುಂಸಕ. ಸದಸ್ಯೆ ಹೆಂಗಸಾದ್ರೂ ಡಾಸ್ ಮಿಟ್‌ಗ್ಲೀಟ್. ಒಬ್ಬರೇ ವ್ಯಕ್ತಿ, ಒಂದು ವಾಕ್ಯದಲ್ಲಿ ಡೀ, ಇನ್ನೊಂದು ವಾಕ್ಯದಲ್ಲಿ ಡಾಸ್.

ಮಂಡಕ್ಕಿ
ಬಹುವಚನದಲ್ಲಿ ಇನ್ನೂ ಗೊಂದಲ ಇದೆ ಅಕ್ಕಾ. ಸುದ್ದಿಯಲ್ಲಿ ಒಮ್ಮೆ ‘ಆಬ್‌ಗೆಓರ್ಡ್ನೆಟೆನ್’, ಒಮ್ಮೆ ‘ಆಬ್‌ಗೆಓರ್ಡ್ನೆಟೆ’, ಎರಡೂ ಬಹುವಚನವೇ. ಇದು ತಪ್ಪಲ್ವಾ?

ಬರ್ಲಿನ್ ಬಸವ
ತಪ್ಪಲ್ಲ. 2025ರ ಮೇ 6 ನೆನಪಿಸಿಕೊಳ್ಳಿ. ಮೆರ್ಟ್ಸ್ ಅವರು ಚಾನ್ಸೆಲರ್ ಆಗೋಕೆ ಬೇಕಿದ್ದದ್ದು ಬುಂಡೆಸ್ಟಾಗಿನ 630ರಲ್ಲಿ 316 ಮತ. ಮೈತ್ರಿಕೂಟದ ಬಲ 328. ಮೊದಲ ಸುತ್ತಿನಲ್ಲಿ ಬಿದ್ದದ್ದು 310. ಯುದ್ಧಾನಂತರದ ಜರ್ಮನಿಯಲ್ಲಿ ಹಾಗೆ ಮೊದಲ ಸುತ್ತಲ್ಲಿ ಯಾರೂ ಸೋತಿರಲಿಲ್ಲ. ಅದೇ ದಿನ ಎರಡನೇ ಸುತ್ತಲ್ಲಿ 325 ಬಂದು ಗೆದ್ರು. ಮೊದಲ ಸುತ್ತಿನ ಆ ಹದಿನೆಂಟು ಮತದ ವ್ಯತ್ಯಾಸ ತಗೊಳ್ಳಿ. ‘ಹದಿನೆಂಟು ಸಂಸದರು’ ಅಂತ ಬರೀ ಸಂಖ್ಯೆ ಹೇಳಿದ್ರೆ ‘ಆಖ್ಟ್‌ತ್ಸೇನ್ ಆಬ್‌ಗೆಓರ್ಡ್ನೆಟೆ’. ‘ಆ ಹದಿನೆಂಟು ಸಂಸದರು’ ಅಂದ್ರೆ ‘ಡೀ ಆಖ್ಟ್‌ತ್ಸೇನ್ ಆಬ್‌ಗೆಓರ್ಡ್ನೆಟೆನ್’. ಮುಂದೆ ‘ಡೀ’ ಇದ್ರೆ ಹಿಂದೆ ‘ನ್’. ಫೀಲೆ (ಬಹಳ), ಐನಿಗೆ (ಕೆಲವು) ಆದ ಮೇಲೆ ‘ನ್’ ಬೇಡ. ಆಲೆ (ಎಲ್ಲಾ), ಕೈನೆ (ಯಾರೂ ಇಲ್ಲ) ಆದ ಮೇಲೆ ಬೇಕು.

ಮಂಡಕ್ಕಿ
ಆ ದಿನ ಇಡೀ ಹಾಸ್ಟೆಲ್ ಟಿವಿ ಮುಂದೆ ಇತ್ತು. ಈಗ ಆ ಸಂಖ್ಯೆ ಜೊತೆ ವ್ಯಾಕರಣವೂ ನೆನಪಿರತ್ತೆ.

ವ್ಯಾಕರಣದ ಹುಚ್ಚು
ಒಂದೇ ಅಕ್ಷರ ಎಷ್ಟು ಬದಲಾಯಿಸತ್ತೆ ನೋಡಿ. ‘ಡೀ ಆಬ್‌ಗೆಓರ್ಡ್ನೆಟೆ’ ಒಬ್ಬ ಸಂಸದೆ. ‘ಡೀ ಆಬ್‌ಗೆಓರ್ಡ್ನೆಟೆನ್’ 630 ಜನ. ಇನ್ನೂ ಕಠಿಣವಾದದ್ದು ಷಷ್ಠಿಯಲ್ಲಿದೆ: ‘ಡೀ ರೇಡೆ ಡೇರ್ ಆಬ್‌ಗೆಓರ್ಡ್ನೆಟೆನ್’. ಇದು ‘ಸಂಸದೆಯ ಭಾಷಣ’ವೂ ಹೌದು, ‘ಸಂಸದರೆಲ್ಲರ ಭಾಷಣ’ವೂ ಹೌದು. ಜೊತೆಗೆ ಇಲ್ಲಿರೋ ‘ಡೇರ್’ ಗಂಡಿನದಲ್ಲ! ಸಂದರ್ಭ ಮಾತ್ರ ಹೇಳಬೇಕು. ಗಂಡಾಗಿದ್ರೆ ‘ಡೆಸ್ ಆಬ್‌ಗೆಓರ್ಡ್ನೆಟೆನ್’.

ಹಳೇ ಮೈಸೂರು
ಇದು ನನಗೂ ಗೊತ್ತಿರಲಿಲ್ಲ. ಹದಿನಾರು ವರ್ಷದಿಂದ ಇಲ್ಲಿದ್ದೀನಿ.

ಸಪ್ತಾಪುರದಾಂವ
ನನ್ನ ಹೆಂಡತಿ ಸಾಲಿ ಟೀಚರ್. ಹೋದ ವರ್ಷ ಬ್ಯಾರೆ ಸಾಲಿಗೆ ಆರು ತಿಂಗಳು ಹಾಕಿದ್ರು, ಆ ಪತ್ರದಾಗೂ ‘ಆಬ್‌ಗೆಓರ್ಡ್ನೆಟ್’ ಅಂತ ಇತ್ರಿ. ನಾನು ಓದಿ, ಇಕಿ ಯಾವಾಗ ಎಲೆಕ್ಷನ್‌ಗೆ ನಿಂತಿದ್ಲು ಅಂತ ಗಾಬರಿ ಆದೆ.

ವ್ಯಾಕರಣದ ಹುಚ್ಚು
ಇದೊಂದು ಚಿನ್ನದಂಥ ಉದಾಹರಣೆ. ಸರ್ಕಾರಿ ನೌಕರರನ್ನ ಸ್ವಲ್ಪ ಕಾಲ ಬೇರೆ ಕಚೇರಿಗೆ ಕಳಿಸೋದು ‘ಆಬ್‌ಓರ್ಡ್ನುಂಗ್’. ನಮ್ಮಲ್ಲಿ ‘ನಿಯೋಜನೆ ಮೇಲೆ ಹೋಗಿದಾರೆ’, ‘ಡೆಪ್ಯುಟೇಶನ್ ಮೇಲೆ ಹೋಗಿದಾರೆ’ ಅಂತಾರಲ್ಲ, ಥೇಟ್ ಅದೇ. ಆ ಪತ್ರದಲ್ಲಿ ಪದ ಸಣ್ಣ ಅಕ್ಷರದಿಂದ ಶುರುವಾಗಿರತ್ತೆ, ಯಾಕಂದ್ರೆ ಅಲ್ಲಿ ಅದು ಕೃದಂತವಾಗಿಯೇ ಇದೆ. ದೊಡ್ಡಕ್ಷರ ಬಂದು ಒಂಟಿಯಾಗಿ ನಿಂತ್ರೆ ಜನಪ್ರತಿನಿಧಿ.

ಹಳೇ ಮೈಸೂರು
ಹಾಗಾದ್ರೆ ಅರ್ಥದ ಮಟ್ಟಿಗೆ ನನ್ನದೊಂದು ಆಕ್ಷೇಪ. ನಿಯೋಜನೆ ಮೇಲೆ ಹೋದವರು ಕಳಿಸಿದವರ ಅಪ್ಪಣೆ ಪಾಲಿಸ್ತಾರೆ. ಸಂಸದರು ಯಾರ ಅಪ್ಪಣೆ ಪಾಲಿಸ್ತಾರೆ? ಪಕ್ಷದ್ದು. ಹಾಗಿದ್ದ ಮೇಲೆ ‘ಜನ ಕಳಿಸಿದವರು’ ಅಂತ ಹೆಂಗೆ ಅರ್ಥ ಹೇಳ್ತೀರಿ?

ಬರ್ಲಿನ್ ಬಸವ
ಜರ್ಮನಿಯ ಈಗಿನ ಸಂವಿಧಾನದ 38ನೇ ವಿಧಿ ಓದಿ ಸರ್. ಅವರು ಇಡೀ ಜನತೆಯ ಪ್ರತಿನಿಧಿಗಳು, ಯಾವ ಆದೇಶಕ್ಕೂ ಸೂಚನೆಗೂ ಕಟ್ಟುಬಿದ್ದವರಲ್ಲ, ತಮ್ಮ ಮನಸ್ಸಾಕ್ಷಿಗೆ ಮಾತ್ರ ಅಧೀನರು ಅಂತ ಇದೆ. 1919ರ ವೈಮಾರ್ ಸಂವಿಧಾನದ 21ನೇ ವಿಧಿಯಲ್ಲೂ ಹೆಚ್ಚುಕಡಿಮೆ ಇದೇ ಮಾತಿತ್ತು. ಪದ ಹೇಳೋದು ‘ಕಳಿಸಿದವರು’ ಅಂತ. ಕಾನೂನು ಹೇಳೋದು, ಕಳಿಸಿದ ಮೇಲೆ ಅಪ್ಪಣೆ ಕೊಡೋ ಹಾಗಿಲ್ಲ ಅಂತ.

ಹಳೇ ಮೈಸೂರು
ಕಾಗದದ ಮೇಲೆ. ಫ್ರಾಕ್ಟ್ಸಿಯೋನ್ ಶಿಸ್ತು ಅಂತ ಒಂದಿದೆಯಲ್ಲ?

ಬರ್ಲಿನ್ ಬಸವ
ಇದೆ, ಒತ್ತಡವೂ ಇದೆ. ಆದ್ರೆ ಪಕ್ಷದ ವಿರುದ್ಧ ಮತ ಹಾಕಿದ್ದಕ್ಕೆ ಇಲ್ಲಿ ಸ್ಥಾನ ಹೋಗಲ್ಲ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿದ್ರೆ ಸದಸ್ಯತ್ವಕ್ಕೇ ಕುತ್ತು. ಅದಕ್ಕೇ ‘ಆಬ್‌ಗೆಓರ್ಡ್ನೆಟೆ’ಯನ್ನ ‘ಸಂಸದ’ ಅಂತ ಅನುವಾದಿಸಿದಾಗ ಕೆಲಸ ಒಂದೇ ಆದ್ರೂ ಕೊರಳಿನ ಹಗ್ಗದ ಉದ್ದ ಬೇರೆ ಅಂತ ನೆನಪಿರಬೇಕು.

ಹಳೇ ಮೈಸೂರು
ಈ ಮಾತು ಒಪ್ಪಿದೆ.

ಕುಡ್ಲದ ಕುವರಿ
‘ಫ್ರಾಕ್ಟ್ಸಿಯೋನ್’ ಅಂದರೆ ಪಕ್ಷದೊಳಗಿನ ಬಣ ಅಂತ ತಿಳಿಯಬೇಡಿ ಮತ್ತೆ, ಸದನದಲ್ಲಿರುವ ಪಕ್ಷದ ಗುಂಪು ಅದು. ನಾನು ಒಂದು ವರ್ಷ ತಪ್ಪಾಗಿ ಓದಿದ್ದೆ.

ನೆಕ್ಕರ್ ದಂಡೆ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆಯಿಂದ ಕೂತು ಪತ್ರ ತಿದ್ದಿದೆ. ಮೂರು ಜಾಗದಲ್ಲಿ ಈ ಪದ ಬರತ್ತೆ, ನೋಡಿ ಹೇಳ್ತೀರಾ?

ಶುರುವಿನಲ್ಲಿ: ಜೇರ್ ಗೆಏರ್ಟೆರ್ ಹೆರ್ ಆಬ್‌ಗೆಓರ್ಡ್ನೆಟೆರ್.
ಮಧ್ಯದಲ್ಲಿ, ‘ಈ ವಿಷಯದಲ್ಲಿ ಬಹಳ ಸಂಸದರು ಸಹಾಯ ಮಾಡಿದ್ದಾರೆ ಎಂದು ಕೇಳಿದ್ದೇನೆ’ ಅನ್ನೋ ಕಡೆ: ಫೀಲೆ ಆಬ್‌ಗೆಓರ್ಡ್ನೆಟೆನ್.
ಕೊನೆಗೆ, ‘ಸಂಸದರ ಜೊತೆ ಮಾತಾಡಲು ಸಮಯ ಬೇಕು’ ಅನ್ನೋ ಕಡೆ: ಮಿಟ್ ಡೆಮ್ ಆಬ್‌ಗೆಓರ್ಡ್ನೆಟೆನ್.

ಮಂಡಕ್ಕಿ
ಎರಡನೇದು! ಫೀಲೆ ಆದ ಮೇಲೆ ನ್ ಬೇಡ!

ವ್ಯಾಕರಣದ ಹುಚ್ಚು
ಮಂಡಕ್ಕಿ ಸರಿ ಹೇಳಿದ್ರು. ಉಳಿದೆರಡೂ ಸರಿ ಇವೆ.

ನೆಕ್ಕರ್ ದಂಡೆ
ತೆಗೆದೆ. ಬೆಳಿಗ್ಗೆ ಅಂಚೆಗೆ ಹಾಕ್ತೀನಿ.